ದೊಡ್ಡಮ್ಮನ ಕೈಗುಣ, ನನ್ನ ಹಳದಿ ಸೊಲ್ಯೂಷನ್

ತರೀಕೆರೆಯಲ್ಲಿ ನಮ್ಮ ದೊಡ್ಡಮ್ಮನ ಮನೆಯಿರುವ ಬೀದಿಯವರು ಉಪ್ಪಿನಕಾಯಿ ಹಾಕುವಾಗ ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಹೋಳು ಹೆಚ್ಚುವುದು, ಖಾರ ಕುಟ್ಟುವುದು, ಜಾಡಿ ಒರೆಸಿ ಬಿಸಿಲಿಗಿಡುವುದು ಎಲ್ಲವನ್ನೂ ತಾವೇ ಮಾಡಿಕೊಳ್ಳುತ್ತಾರೆ. ಉಪ್ಪು ಬೆರೆಸುವ ಹೊತ್ತಿಗೆ ಮಾತ್ರ ದೊಡ್ಡಮ್ಮನಿಗೆ ಹೇಳಿಕಳಿಸುತ್ತಾರೆ. ಅವಳು ಹೋಗಿ ಸೆರಗು ಸಿಕ್ಕಿಸಿ ಹಿಡಿ ಹಿಡಿ ಉಪ್ಪು ಹಾಕಿ ಕಲೆಸಿ ಬರುತ್ತಾಳೆ. ಅವಳ ಕೈ ಬಿದ್ದ ಜಾಡಿಗೆ ಬೂಷ್ಟು ಹಿಡಿಯುವುದಿಲ್ಲ ಎಂಬುದು ಆ ಬೀದಿಯಲ್ಲಿ ಯಾರೂ ಚರ್ಚೆ ಮಾಡದ ಮಾತು. ಅವಳು ಚುಚ್ಚಿದ ದಾಸವಾಳದ ಕಡ್ಡಿ ಚಿಗುರುತ್ತದೆ. ಅವಳು ಕಲೆಸಿಟ್ಟ ದೋಸೆ ಹಿಟ್ಟು ಎಂಥ ಚಳಿಯಲ್ಲೂ ಉಬ್ಬುತ್ತದೆ. ಕೈಗುಣ ಎನ್ನುತ್ತಾರೆ ಅದಕ್ಕೆ. ನನಗೆ ಆ ಕೈ ಎಂದರೆ ಮೊದಲು ನೆನಪಾಗುವುದು ಕೊಬ್ಬರಿ ಎಣ್ಣೆಯ ವಾಸನೆ. ಅಣ್ಣ, ಅಂದರೆ ಅವಳ ಮಗ, ತೆಂಗಿನಕಾಯಿ ವ್ಯಾಪಾರದವನು. ಆ ಮನೆಯಲ್ಲಿ ಎಣ್ಣೆಗೆ ಬರ ಬಂದದ್ದಿಲ್ಲ. ಬೇಸಿಗೆ ರಜೆಗೆಂದು ಹೋಗಿ ಆ ಕೈಯ ತುತ್ತು ತಿನ್ನುತ್ತ, ಆ ಬಾಯಿಯ ಮಾತು ಕೇಳುತ್ತ ಬೆಳೆದವನು ನಾನು. ನನ್ನ ನಾಲಗೆಯ ಮೇಲಿರುವ ಗಾದೆ, ಬೈಗುಳ, ಉಪಮೆ ಎಲ್ಲ ಅವಳ ಮನೆಯ ಸಾಮಾನೇ.

ಅದೇ ಕೈ ದಸರಾ ಬಂತೆಂದರೆ ಊರು ಕಟ್ಟುತ್ತದೆ. ಮೆಟ್ಟಿಲ ಮೇಲೆ ಪಟ್ಟದ ಗೊಂಬೆ ಕೂರಿಸುವುದು ಸುತ್ತಮುತ್ತ ಹಲವರ ಮನೆಯಲ್ಲಿ ಉಂಟು. ದೊಡ್ಡಮ್ಮನ ಹೆಚ್ಚುಗಾರಿಕೆ ಇರುವುದು ಮೆಟ್ಟಿಲ ಕೆಳಗೆ, ನೆಲದ ಮೇಲೆ. ಅಲ್ಲಿ ವರ್ಷವರ್ಷವೂ ಒಂದೊಂದು ಊರು ಏಳುತ್ತದೆ. ರಟ್ಟಿನ ಮನೆಗಳು, ಬೆಂಕಿಪೊಟ್ಟಣದ ಬಸ್ಸು, ಕನ್ನಡಿ ಚೂರಿನ ಕೆರೆ, ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿಯ ಹೊಲ. ಒಮ್ಮೆ ದೇವನೂರಿನಲ್ಲಿದ್ದ ತನ್ನ ನಾದಿನಿಯ ಮನೆಯ ಕಣವನ್ನೇ ಮಾಡಿದ್ದಳು, ರಾಶಿ, ಮೊರ, ಮಲಗಿದ ನಾಯಿ ಸಮೇತ. ಅಂಗಡಿಯಿಂದ ತಂದದ್ದು ಒಂದೂ ಇರುವುದಿಲ್ಲ. ಅದು ಅವಳ ಹಟ.

ಹೋದ ಸಲದ ಊರು ತರೀಕೆರೆಯ ಬಸ್‌ಸ್ಟ್ಯಾಂಡ್. ಚೆನ್ನಾಗಿಯೇ ಇತ್ತು. ಆದರೆ ದೊಡ್ಡಮ್ಮ ಅಂಟಿಸುವುದು ಮೈದಾ ಗಂಜಿಯಿಂದ. ಎರಡು ದಿನದಲ್ಲಿ ಇರುವೆಗೆ ಸುದ್ದಿ ಮುಟ್ಟಿತು. ಬೀದಿಯ ಹೆಂಗಸರು, ಮಕ್ಕಳೆಲ್ಲ ಸೇರಿ ಆರತಿ ಎತ್ತುವ ಹೊತ್ತಿಗೆ ಸರಿಯಾಗಿ ಬಸ್‌ಸ್ಟ್ಯಾಂಡಿನ ಚಾವಣಿ ಸೊಯ್ಯನೆ ಜಾರಿ ಎರಡು ಬಸ್ಸಿನ ಮೇಲೆ ಕುಳಿತಿತು. "ಆಕ್ಸಿಡೆಂಟ್!" ಎಂದು ಒಂದು ಮಗು ಕೂಗಿತು. ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳಂತೆ, ಆದರೆ ಆ ರಾತ್ರಿ ಊಟಕ್ಕೆ ಹಸಿವಿಲ್ಲ ಎಂದಳಂತೆ.

ಅತ್ತಿಗೆಗೆ ಕರುಳು ಚುರುಕ್ಕೆಂದಿರಬೇಕು. ಅತ್ತೆ ಇಷ್ಟು ಒದ್ದಾಡುವುದು ಬೇಡವೆಂದು ಫೋನಿನಲ್ಲೇ ಒಂದು ಪ್ಲಾಸ್ಟಿಕ್ ಊರು ತರಿಸಿದರು. ಜೋಡಿಸಿದರೆ ಮನೆ, ಬೇಲಿ, ಮರ ಎಲ್ಲ ಚಕ್ಕಂತ ನಿಲ್ಲುವ ಸೆಟ್ಟು. ಅದರ ಡಬ್ಬಿ ಅಟ್ಟ ಸೇರಿತು. ದೊಡ್ಡಮ್ಮ ಅದನ್ನು ಕೆಳಗಿನಿಂದಲೇ ನೋಡಿ ಹೇಳಿದಳು:

"ಈ ಸಲ ನನ್ನ ಊರು ವಿಜಯದಶಮಿಗಂಟ ನಿಂತ್ರೆ ಆ ಡಬ್ಬಿ ಇಳಿಸ್ಬ್ಯಾಡ ಕಣಮ್ಮ. ಬಿತ್ತೋ, ಮುಂದಿನ ವರ್ಷದಿಂದ ಅದೇ ಇರ್ಲಿ. ನಾನು ಕೈ ಹಾಕಕಿಲ್ಲ."

ಹೀಗೆ ಹೇಳಿ ಫೋನು ಮಾಡಿದ್ದು ನನಗೆ. "ಲೇ, ನಿನ್ ಹತ್ರ ಒಂದು ಬಿಡದ ಗೋಂದು ಐತಂತಲ್ಲ, ಅದನ್ನ ತಗಂಡ್ ಬಾ."

ಬಿಡದ ಗೋಂದಿನ ವಿಷಯ ಹೇಳಬೇಕು. ನಾನಿರುವುದು ಅಜ್ಜಂಪುರದಲ್ಲಿ, ಕೆಲಸ ಕಡೂರಿನ ಒಂದು ಕಚೇರಿಯಲ್ಲಿ. ದಿನವಿಡೀ ಬೇರೆಯವರ ಕಾಗದಕ್ಕೆ ಸೀಲು ಒತ್ತಿ ಬಂದವನಿಗೆ ಸಂಜೆ ಸ್ವಂತದ್ದೇನಾದರೂ ಮಾಡುವ ಚಪಲ. ರಟ್ಟು, ಅಡಿಕೆ ಹಾಳೆ, ಐಸ್‌ಕ್ರೀಂ ಕಡ್ಡಿ, ಹಳೆಯ ಪ್ಲೈವುಡ್ಡಿನ ಚೂರು ಗುಡ್ಡೆ ಹಾಕಿಕೊಂಡು ಸೇತುವೆ, ಗೋಪುರ, ನೀರಿನ ಟ್ಯಾಂಕು ಎಂದು ಏನಾದರೊಂದು ಮಾಡೆಲ್ ಕಟ್ಟುತ್ತಿರುತ್ತೇನೆ. "ಬೇರೆ ಗಂಡಸರು ಇಸ್ಪೀಟಿಗೆ ಕೂತ್ಕೊಂತಾರೆ, ನಮ್ಮವರು ರಟ್ಟಿಗೆ" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಾಳೆ.

ಚಪ್ಪಲಿಯ ಅಟ್ಟೆಗೆ, ಬೈಕಿನ ಸೀಟಿಗೆ ಹಚ್ಚುವ ಹಳದಿ ಸೊಲ್ಯೂಷನ್ ನನ್ನ ಕೈಗೆ ಬಂದದ್ದು ಕಡೂರಿನ ಒಂದು ಕುಶನ್ ಅಂಗಡಿಯಿಂದ. ಗಟ್ಟಿ ಅಂಟು ಕೊಡಿ ಎಂದೆ, ಕೊಟ್ಟರು. ಮನೆಗೆ ಬಂದು ಥರ್ಮಾಕೋಲಿನಲ್ಲಿ ಕೊರೆದಿದ್ದ ಗುಡ್ಡದ ಮೇಲೆ ದಪ್ಪಗೆ ಬಳಿದು ಕಾಫಿ ಕುಡಿಯಲು ಹೋದೆ. ಬಂದು ನೋಡಿದರೆ ಗುಡ್ಡದಲ್ಲಿ ಹೊಂಡ. ಸೊಲ್ಯೂಷನ್ ಥರ್ಮಾಕೋಲನ್ನು ಮಂಜುಗಡ್ಡೆಯಂತೆ ಕರಗಿಸಿ ಒಳಗಿಳಿಯುತ್ತಿತ್ತು. "ಏನ್ರೀ, ಗುಡ್ಡಕ್ಕೆ ಗಣಿ ಹಾಕಿದ್ರಾ?" ಎಂದಳು ಹೆಂಡತಿ. ಅಂದಿನಿಂದ ಥರ್ಮಾಕೋಲಿಗೆ ಬಿಳಿ ಗೋಂದು. ರಟ್ಟು, ಹಾಳೆ, ಮರ, ರೆಕ್ಸಿನ್ನಿಗೆ ಮಾತ್ರ ಸೊಲ್ಯೂಷನ್.

ಅದರ ಸ್ವಭಾವವೇ ಬೇರೆ. ಉಳಿದ ಗೋಂದುಗಳು ಹಸಿಯಿದ್ದಾಗ ಅಂಟಿ ಆಮೇಲೆ ಒಣಗುತ್ತವೆ. ಇದು ಒಣಗಿದ ಮೇಲೇ ಅಂಟುವ ಜಾತಿ. ಜೋಡಿಸಬೇಕಾದ ಎರಡೂ ಮೈಗೆ ತೆಳುವಾಗಿ ಬಳಿಯಬೇಕು. ಬಳಿದು ಬಿಟ್ಟುಬಿಡಬೇಕು, ಒಂದು ಸಣ್ಣ ಹರಟೆ ಮುಗಿಯುವಷ್ಟು ಹೊತ್ತು. ಬೆರಳ ತುದಿ ಮುಟ್ಟಿಸಿದರೆ ಬೆರಳಿಗೆ ಮೆತ್ತಿಕೊಳ್ಳಬಾರದು. ಆಗ ಎರಡನ್ನೂ ಎದುರುಬದುರು ತಂದು ಒತ್ತಿದರೆ ಮುಗಿಯಿತು. ಒಂದು ಕೂದಲೆಳೆ ಆ ಕಡೆ ಈ ಕಡೆ ಆಗಿದ್ದರೂ ತಿದ್ದುವ ಮಾತಿಲ್ಲ. ಅದಕ್ಕೇ ಉದ್ದನೆಯ ತುಂಡುಗಳಾದರೆ ನಡುವೆ ಊದುಬತ್ತಿಯ ಬರೀ ಕಡ್ಡಿಗಳನ್ನು ಅಡ್ಡಡ್ಡ ಇಟ್ಟುಕೊಂಡು, ಮೇಲಿನದು ನೆಟ್ಟಗೆ ಕೂತಿದೆ ಎಂದು ಖಾತ್ರಿಯಾದ ಮೇಲೆ ಒಂದೊಂದಾಗಿ ಎಳೆಯುತ್ತೇನೆ. ಇದನ್ನೆಲ್ಲ ಫೋನಿನಲ್ಲೇ ದೊಡ್ಡಮ್ಮನಿಗೆ ವಿವರಿಸಿದೆ.

"ಹಂಗಂದ್ರೆ ತಾಳಿ ಕಟ್ಟಿದಂಗೆ ಅನ್ನು. ಕಟ್ಟೋಕೆ ಮುಂಚೆ ನೋಡ್ಕಬೇಕು" ಎಂದಳು.

"ಹೂಂ, ಕಟ್ಟಿದ್ಮೇಲೆ ಮಾತಿಲ್ಲ."

"ಮಾತು ಬೇಕಾದಷ್ಟಿರ್ತೈತೆ, ಬಿಡೋದಿಲ್ಲ ಅಷ್ಟೇಯ" ಎಂದು ಫೋನಿಟ್ಟಳು.

ಈ ಸಲ ಅವಳು ಕಟ್ಟಬೇಕೆಂದಿದ್ದದ್ದು ಅಜ್ಜಂಪುರದ ರೈಲ್ವೆ ಸ್ಟೇಷನ್. ಅಜ್ಜಂಪುರ ಅವಳ ತವರು, ನನ್ನ ಅಮ್ಮನ ತವರೂ ಅದೇ ತಾನೆ. ಚಿಕ್ಕವರಿದ್ದಾಗ ಅಕ್ಕತಂಗಿಯರಿಬ್ಬರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿಂದು ಸಿಪ್ಪೆಯನ್ನು ಹಳಿಯ ಮೇಲೆ ಎಸೆದು, ರೈಲು ಬಂದರೆ ಪುಡಿಯಾಗುತ್ತದೋ ಇಲ್ಲವೋ ಎಂದು ಕಾಯುತ್ತಿದ್ದರಂತೆ. ನಾನು ಮೊಬೈಲಿನಲ್ಲಿ ಸ್ಟೇಷನ್ನಿನ ನಾಲ್ಕಾರು ಪಟ ತೆಗೆದುಕೊಂಡು, ಚೀಲದಲ್ಲಿ ಡಬ್ಬಿ ಹಾಕಿಕೊಂಡು, ಭಾನುವಾರ ತರೀಕೆರೆಯ ಬಸ್ಸು ಹತ್ತಿದೆ.

ಹಿತ್ತಿಲ ಜಗಲಿಯಲ್ಲಿ ಕೂತೆವು. ಮುಚ್ಚಳ ತೆಗೆದದ್ದೇ ದೊಡ್ಡಮ್ಮ ಮೂಗಿಗೆ ಸೆರಗು ಒತ್ತಿದಳು.

"ಇದೇನೋ ಇದು, ಪೆಟ್ರೋಲ್ ಬಂಕನ್ನೇ ಹೊತ್ಕಂಡ್ ಬಂದಂಗೈತಲ್ಲೋ!"

"ಅದಕ್ಕೇ ಹಿತ್ಲಲ್ಲಿ ಕೂರಣ ಅಂದಿದ್ದು. ಗಾಳಿ ಆಡ್ಬೇಕು. ದೀಪ, ಒಲೆ ಯಾವ್ದೂ ಹತ್ರ ಸುಳೀಬಾರ್ದು."

ಬಳಿಯಲು ಐಸ್‌ಕ್ರೀಂ ಕಡ್ಡಿ ಕೊಟ್ಟರೆ ಬೇಡವೆಂದಳು. ಗಂಜಿಯಾಗಲಿ ಗೋಂದಾಗಲಿ ಬೆರಳಲ್ಲೇ ಬಳಿಯಬೇಕು, ಕಡ್ಡಿಗೇನು ಗೊತ್ತಾಗುತ್ತದೆ ಎಂದು ಅವಳ ವಾದ.

"ಹುಷಾರು ದೊಡ್ಡಮ್ಮ" ಎಂದೆ. "ಕೈಗೆ ಹತ್ತಿದ್ರೆ ಥೇಟ್ ಹಲಸಿನ ಮೇಣ ಇದು. ಸುಲಭಕ್ಕೆ ಬಿಡಕಿಲ್ಲ."

"ಹಂಗೋ? ಮೊದ್ಲೇ ಹೇಳ್ಬಾರ್ದೇನೋ. ತಡಿ, ಬತ್ತೀನಿ" ಎಂದು ಒಳಗೆ ಹೋಗಿ ಬಂದಳು. ಬಂದವಳು ಕೆಲಸಕ್ಕೆ ಕೂತಳು.

ಗೋಡೆ ಮತ್ತು ಹಳಿ ನನ್ನ ಪಾಲಿಗೆ. ಹಳಿಗೆ ಬಿದಿರಿನ ಸೀಳು, ಅಡಿಯ ದಿಮ್ಮಿಗೆ ಬೆಂಕಿಕಡ್ಡಿ. ಅಡಿಕೆ ಹಾಳೆಯ ಚಾವಣಿ, ಬೆಂಚು, ಹಳದಿ ಬೋರ್ಡು, ಹಳಿ ದಾಟುವ ಮೇಲ್ಸೇತುವೆ ದೊಡ್ಡಮ್ಮನ ಪಾಲಿಗೆ. ಇಬ್ಬರೂ ಬಳಿದೆವು, ಕಾದೆವು. ನಾನು ಬೆರಳು ಮುಟ್ಟಿಸಿ ನೋಡಿದರೆ ನನ್ನದು ಇನ್ನೂ ಎಳೆ ಎಳೆಯಾಗಿ ಮೆತ್ತುತ್ತಿತ್ತು. ಅವಳು ಮುಟ್ಟಿ ನೋಡಿ, "ನಂದು ಆರೋಯ್ತಪ್ಪ. ನೋಡು, ಬೆರಳಿಗೆ ಹತ್ತಂಗೇ ಇಲ್ಲ" ಎಂದು ಆಗಲೇ ಒತ್ತತೊಡಗಿದಳು.

"ನಿನ್ನ ಕೈಗುಣಕ್ಕೆ ಸೊಲ್ಯೂಷನ್ನೂ ಹೆದರ್ತೈತೆ ಬಿಡು" ಎಂದೆ. ಅವಳಿಗೆ ಖುಷಿಯಾಯಿತು.

ಸಂಜೆಯ ಹೊತ್ತಿಗೆ ಸ್ಟೇಷನ್ ಎದ್ದು ನಿಂತಿತ್ತು. ಕಾಫಿ ಕುಡಿದು, ಹಿಂದಿರುಗುವ ಬಸ್ಸು ಹಿಡಿದು, ಅಜ್ಜಂಪುರದಲ್ಲಿ ಇಳಿದು ಚಪ್ಪಲಿ ಬಿಡುತ್ತಿದ್ದೇನೆ, ಅತ್ತಿಗೆಯ ಫೋನು.

"ಮೈದ್ನ, ನಿಮ್ ಸ್ಟೇಷನ್‌ಗೆ ಭೂಕಂಪ ಆಗೈತೆ ಕಣ್ರೀ."

ಚಾವಣಿ ಒಂದು ಕಡೆ, ಬೆಂಚು ಒಂದು ಕಡೆ, ಸೇತುವೆ ಮಕಾಡೆ ಮಲಗಿದೆಯಂತೆ. ನಾನು ಡಬ್ಬಿಯನ್ನು ಬೈದೆ. ಹಳೆಯದು, ಮುಚ್ಚಳ ಸಡಿಲವಿತ್ತು, ತಳದಲ್ಲಿ ಗಟ್ಟಿಯಾಗಿತ್ತು ಎಂದು ನೂರು ನೆಪ ಹೇಳಿದೆ. ವಾರದಲ್ಲಿ ಕಡೂರಿನಿಂದ ಹೊಸ ಡಬ್ಬಿ ತಂದು, ಮುಂದಿನ ಭಾನುವಾರ ಮತ್ತೆ ಹೋದೆ. ಮತ್ತೆ ಅದೇ ಜಗಲಿ, ಅದೇ ಪಾಲು. ಈ ಸಲ ದೊಡ್ಡಮ್ಮ ಮಾತು ಕಡಿಮೆ ಮಾಡಿ, ನಾಲಗೆ ಕಚ್ಚಿಕೊಂಡು, ಪೂಜೆಗೆ ಕೂತವಳಂತೆ ಅಂಟಿಸಿದಳು. ನಾನು ಇನ್ನೂ ಕೈ ತೊಳೆಯುತ್ತಿದ್ದೆ, ಸೇತುವೆ ಜಾರಿತು. ಹಿಂದೆಯೇ ಬೆಂಚು. ಬೋರ್ಡು ಮುಟ್ಟಿದರೆ ಕೈಗೇ ಬಂತು. ನನ್ನ ಗೋಡೆ, ನನ್ನ ಹಳಿ ಮಾತ್ರ ಹೋದ ಭಾನುವಾರದಿಂದಲೂ ಮಿಸುಕದೆ ನಿಂತಿದ್ದವು.

ದೊಡ್ಡಮ್ಮ ಕಳಚಿದ ಬೋರ್ಡನ್ನು ತಂದು ನನ್ನ ಗೋಡೆಯ ಪಕ್ಕ ಇಟ್ಟಳು.

"ಡಬ್ಬಿ ಅದೇ, ರಟ್ಟು ಅದೇ. ನಿಂದು ನಿಲ್ತೈತೆ, ನಂದು ನಿಲ್ಲಕಿಲ್ಲ. ಇನ್ನೇನ್ ಉಳೀತೋ? ಕೈ. ನನ್ ಕೈ ಹೋಯ್ತು ಕಣೋ."

"ಅಯ್ಯೋ, ಅಂಟಿಗೂ ಕೈಗುಣಕ್ಕೂ ಏನ್ ಸಂಬಂಧ ದೊಡ್ಡಮ್ಮ?"

"ಉಪ್ಪಿಗೇನ್ ಸಂಬಂಧ? ಇದ್ದಷ್ಟು ದಿನ ಎಲ್ಲಕ್ಕೂ ಇತ್ತಲ್ಲ" ಎಂದು ಎದ್ದಳು.

ಅದೇ ಹೊತ್ತಿಗೆ, ಅಕ್ಕ ಎಂಬರ್ಥದಲ್ಲಿ ನಾವೆಲ್ಲ ಆಪಾ ಎನ್ನುವ ಪಕ್ಕದ ಮನೆಯವರು ಬಂದರು. ದೊಡ್ಡಮ್ಮನಿಗಿಂತ ಕಿರಿಯರು, ಮದುವೆಯಾಗಿ ಆ ಬೀದಿಗೆ ಬಂದಂದಿನಿಂದ ಇವಳನ್ನು ಅಮ್ಮಾ ಎಂದೇ ಕರೆಯುವವರು. ಒಳ್ಳೆ ನಿಂಬೆಹಣ್ಣು ಸಿಕ್ಕಿವೆ, ನಾಳೆ ಹೆಚ್ಚುತ್ತೇನೆ, ಬಂದು ಉಪ್ಪು ಹಾಕಿಕೊಡಿ ಎಂದು ಕೇಳಲು ಬಂದಿದ್ದರು.

"ಈ ಸಲ ನನ್ನ ಕರೀಬ್ಯಾಡ ಕಣಮ್ಮ. ನನ್ ಕೈ ನೆಟ್ಟಗಿಲ್ಲ. ಅಷ್ಟು ಹಣ್ಣು ಕೆಟ್ಟೋದ್ರೆ ನನ್ನ ತಲೆ ಮೇಲೆ ಬತ್ತೈತೆ."

"ಅರೆ, ಏನಮ್ಮಾ ಹಿಂಗಂತೀರಾ! ನಾನೀ ಬೀದಿಗೆ ಬಂದಾಗಿಂದ ನಿಮ್ ಕೈ ಉಪ್ಪೇ ತಿಂತಿರೋದು. ಇನ್ನೊಬ್ರು ಕೈ ಹಾಕಿದ್ರೆ ನಮ್ಮನೇವ್ರು ಜಾಡಿ ಮುಟ್ಟಲ್ಲ."

ದೊಡ್ಡಮ್ಮ ಬೇಡವೆಂದು ತಲೆಯಾಡಿಸಿದಳು. ಆಪಾ ನನ್ನ ಮುಖ ನೋಡಿದರು, ಅತ್ತಿಗೆಯ ಮುಖ ನೋಡಿದರು. "ಆಯ್ತು, ಹೆಚ್ಚೋದೇ ಇಲ್ಲ. ಹಣ್ಣು ಹಂಗೇ ಇರ್ತವೆ. ನಿಮಗೆ ಯಾವಾಗ ಅನ್ಸುತ್ತೋ ಆವಾಗ ಬನ್ನಿ" ಎಂದು ಹೋದರು.

ನನ್ನನ್ನು ಬಾಗಿಲವರೆಗೆ ಕಳಿಸಲು ಬಂದ ಅತ್ತಿಗೆ ಮೆಲ್ಲಗೆ ಹೇಳಿದರು: "ಆ ಪ್ಲಾಸ್ಟಿಕ್ ಡಬ್ಬಿ ಯಾಕಾದ್ರೂ ತರಿಸಿದ್ನೋ ಅನ್ಸುತ್ತೆ ಮೈದ್ನ. ನಿನ್ನೆ ದೋಸೆ ಹಿಟ್ಟಿಗೂ ನನಗೇ ಕೈ ಹಾಕು ಅಂದ್ರು. ಆ ಮಾತು ಅವರ ಬಾಯಲ್ಲಿ ನಾನು ಯಾವತ್ತೂ ಕೇಳಿಲ್ಲ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ. ಕೈಗುಣ ನಾನು ನಂಬುತ್ತೇನೋ ಇಲ್ಲವೋ, ಅದು ಬೇರೆ. ಅವಳು ನಂಬುತ್ತಾಳೆ. ಅದಿಲ್ಲ ಎಂದು ಒಮ್ಮೆ ಮನಸ್ಸಿಗೆ ಬಂದರೆ ನಾಳೆಯಿಂದ ಕಡ್ಡಿ ಚುಚ್ಚುವುದಿಲ್ಲ, ಹಿಟ್ಟು ಕಲೆಸುವುದಿಲ್ಲ. ಕೈ ಕಟ್ಟಿ ಕೂರುವ ದೊಡ್ಡಮ್ಮನನ್ನು ನನಗೆ ಊಹಿಸಿಕೊಳ್ಳಲೂ ಬರಲಿಲ್ಲ.

ಪಾಡ್ಯದ ಹಿಂದಿನ ದಿನ ರಜೆ ಹಾಕಿ ಹೋದೆ. ಮಾರನೆಯ ಬೆಳಗ್ಗೆ ಗೊಂಬೆ ಕೂರಬೇಕು. ದೊಡ್ಡಮ್ಮ ಜಗಲಿಯ ಬಾಗಿಲಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ನೀನೇ ಎಲ್ಲ ಅಂಟಿಸಿ ಮುಗ್ಸಿಬಿಡು. ಬಂದೋರ ಎದುರು ಬೀಳ್ದಿದ್ರೆ ಸಾಕು. ನಾನು ಮುಟ್ಟಕಿಲ್ಲ."

ಮುಟ್ಟುವುದಿಲ್ಲ ಎಂದಳೇ ಹೊರತು ಬಾಯಿಗೆ ಬೀಗ ಹಾಕಲಿಲ್ಲ. ಬೆಂಚು ಇನ್ನೊಂಚೂರು ಮರದ ಕಡೆ ಸರಿಸು, ಅಷ್ಟು ಗಿಡ್ಡ ಸೇತುವೆ ಕೆಳಗೆ ರೈಲು ಬಗ್ಗಿ ಹೋಗಬೇಕೇನೋ ಎಂದು ಕೂತಲ್ಲಿಂದಲೇ ಸ್ಟೇಷನ್ ಮಾಸ್ತರಿಕೆ ನಡೆಸಿದಳು. ನಾನು ಅವಸರದಲ್ಲಿದ್ದೆ. ಡಬ್ಬಿ ವಾಲಿ, ಸೊಲ್ಯೂಷನ್ ನನ್ನ ಎರಡೂ ಅಂಗೈಗೆ ಮೆತ್ತಿಕೊಂಡಿತು. ಆ ಹೊತ್ತಿಗೇ ಅತ್ತಿಗೆ ಕಾಫಿ ತಂದರು. ಲೋಟ ಹಿಡಿದೆ. ಲೋಟ ನನ್ನನ್ನು ಹಿಡಿಯಿತು.

"ಬಿಡಿ ಮೈದ್ನ, ತವರಿಂದ ತಂದಿದ್ದು ಆ ಲೋಟ. ಅಂಟಿಸ್ಕೊಂಡು ಅಜ್ಜಂಪುರಕ್ಕೆ ಹೋಗ್ಬೇಡಿ."

ಇಂಥ ಹೊತ್ತಿಗೆಂದೇ ಇಟ್ಟುಕೊಂಡಿದ್ದ ಥಿನ್ನರ್ ಬಾಟಲಿಯನ್ನು ಮನೆಯಲ್ಲೇ ಮರೆತು ಬಂದಿದ್ದೆ. ಹೇಗೋ ಲೋಟ ಬಿಡಿಸಿಕೊಂಡು ಅಂಗೈಗಳನ್ನು ಒಂದಕ್ಕೊಂದು ತಿಕ್ಕಿದೆ. ಕೊಳಕು ಶ್ಯಾವಿಗೆಯಂತೆ ಒಂದಿಷ್ಟು ಸುರುಳಿ ಉದುರಿತು. ಉಳಿದದ್ದು ಚರ್ಮವನ್ನೇ ಎಳೆಯತೊಡಗಿತು.

"ತಡಿಯೋ, ತಡಿ, ಚರ್ಮ ಕಿತ್ಕಂಡೀಯ" ಎಂದು ದೊಡ್ಡಮ್ಮ ಹುರುಳಿಕಾಯಿ ಬದಿಗಿಟ್ಟು ಒಳಗೆ ಹೋದಳು. ಬಟ್ಟಲಲ್ಲಿ ಕೊಬ್ಬರಿ ಎಣ್ಣೆ, ಇನ್ನೊಂದು ಕೈಯಲ್ಲಿ ಹಿಡಿ ರಾಗಿ ಹಿಟ್ಟು ತಂದಳು. ನನ್ನ ಅಂಗೈಗೆ ಎಣ್ಣೆ ಸುರಿದು, ಹೆಬ್ಬೆರಳಿನಿಂದ ಗುಂಡಗೆ ನೀವಿದಳು. ಚಿಕ್ಕಂದಿನಲ್ಲಿ ಹಲಸಿನ ಹಣ್ಣು ತಿಂದ ಕೈಯನ್ನು ನೀವುತ್ತಿದ್ದಳಲ್ಲ, ಹಾಗೆಯೇ. ಸೊಲ್ಯೂಷನ್ ಮೆತ್ತಗಾಗಿ ಅಂಚು ಬಿಟ್ಟುಕೊಂಡಿತು. ಅದರ ಮೇಲೆ ರಾಗಿ ಹಿಟ್ಟು ಉದುರಿಸಿ ತಿಕ್ಕಿದಳು. ಹಿಟ್ಟು, ಎಣ್ಣೆ, ಅಂಟು ಮೂರೂ ಉಂಡೆಯಾಗಿ ಉದುರಿ ಕೈ ಕೈಯಾಯಿತು. ಥಿನ್ನರ್ ಹಾಕಿದ್ದರೆ ಉರಿ ಹತ್ತಿ ಚರ್ಮ ಬೆಳ್ಳಗಾಗುತ್ತಿತ್ತು.

"ಮೊದ್ಲೇ ಎಣ್ಣೆ ಸವರ್ಕಂಡ್ ಕೂರ್ಬಾರ್ದೇನೋ ಪೆದ್ದ?" ಎಂದಳು ತಿಕ್ಕುತ್ತಲೇ. "ಹಲಸಿನಹಣ್ಣು ಬಿಡಿಸೋಕೆ ಯಾರಾದ್ರೂ ಒಣಕೈಲಿ ಕೂರ್ತಾರಾ? ಹಲಸಿನ ಮೇಣ ಇದ್ದಂಗೆ ಅಂತ ಹೇಳಿದೋನೂ ನೀನೇಯ. ಎರಡು ಭಾನುವಾರ ಅಂಟಿಸಿದ್ನಲ್ಲ, ನನ್ ಕೈಗೆ ಒಂದು ಚುಕ್ಕಿ ಹತ್ತಿತ್ತಾ?"

ನಾನು ಅವಳ ಕೈ ನೋಡಿದೆ. ಹೌದು, ಹತ್ತಿರಲಿಲ್ಲ. ಬೆರಳಲ್ಲೇ ಬಳಿದವಳ ಕೈಗೆ ಒಂದು ಚುಕ್ಕಿಯೂ ಹತ್ತಿರಲಿಲ್ಲ.

"ದೊಡ್ಡಮ್ಮ, ಅವತ್ತು ಒಳಗೆ ಹೋಗಿ ಬಂದ್ಯಲ್ಲ..."

"ಎಣ್ಣೆ ಸವರ್ಕಂಡ್ ಬಂದೆ. ಇನ್ನೇನ್ ಮತ್ತೆ?"

"ಎರಡು ಸಲಾನೂ?"

"ಮೊಳಕೈಗಂಟ."

ನನಗೆ ನಗು ತಡೆಯಲಾಗಲಿಲ್ಲ. ಅವಳಿಗೆ ರೇಗಿತು. ಉಸಿರು ತಿರುಗಿದ ಮೇಲೆ ಹೇಳಿದೆ: ಈ ಅಂಟಿಗೆ ಎಣ್ಣೆಯ ಪಸೆ ಸೋಕಿದರೆ ಮುಗಿಯಿತು, ಹಿಡಿಯುವುದಿಲ್ಲ. ಹಾಳೆ, ರಟ್ಟು ಎಲ್ಲ ನಿನ್ನ ಬೆರಳಿನ ಎಣ್ಣೆ ಕುಡಿದಿವೆ. ಅದಕ್ಕಿಂತ ಹೆಚ್ಚಾಗಿ, ಆರಿದೆಯೋ ಇಲ್ಲವೋ ಎಂದು ನೋಡಲು ಬೆರಳು ಮುಟ್ಟಿಸುತ್ತಿದ್ದೆಯಲ್ಲ, ಎಣ್ಣೆ ಬೆರಳಿಗೆ ಹಸಿ ಅಂಟೂ ಹತ್ತುವುದಿಲ್ಲ. ಆರಿತು ಎಂದು ನೀನು ಒತ್ತುತ್ತಿದ್ದೆ, ಅದು ಇನ್ನೂ ಹಸಿಯಿತ್ತು. ತೆಗೆಯುವಾಗ ಎಣ್ಣೆ ಸರಿ. ಅಂಟಿಸುವಾಗ ಅದೇ ಶತ್ರು. ಹಲಸಿನ ಮೇಣ ಎಂದು ಹೋಲಿಕೆ ಕೊಟ್ಟ ನನ್ನ ನಾಲಗೆಗೆ ಬರೆ ಹಾಕಬೇಕು.

ದೊಡ್ಡಮ್ಮ ನಂಬಲಿಲ್ಲ. "ನನ್ ಸಮಾಧಾನಕ್ಕೆ ಕತೆ ಕಟ್ತೀಯ. ಚಿಕ್ಕಂದಿಂದ್ಲೂ ನೀನು ಹಿಂಗೇ."

ಆಗ ಅತ್ತಿಗೆಯೇ ಒಂದು ಉಪಾಯ ಹೇಳಿದರು. "ಅದಕ್ಕೇನಂತೆ ಅತ್ತೆ, ಒಂದು ಪರೀಕ್ಷೆ ಆಗೋಗ್ಲಿ. ಈಗ ನೀವು ಕೈ ತೊಳ್ಕೊಳ್ಳಿ, ಮೈದ್ನ ಎಣ್ಣೆ ಹಚ್ಕೊಳ್ಳಿ."

ದೊಡ್ಡಮ್ಮ ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ಕೈ ತೊಳೆದು, ಬಿಸಿಲಲ್ಲಿ ಹಿಡಿದು ಒಣಗಿಸಿಕೊಂಡಳು. ನನ್ನ ಕೈ ಹೇಗೂ ಎಣ್ಣೆಯಲ್ಲಿ ಮಿಂದಿತ್ತು. ಒಂದೊಂದು ರಟ್ಟಿನ ತುಂಡು, ಒಂದೊಂದು ಹಾಳೆಯ ತುಂಡು ತೆಗೆದುಕೊಂಡು ಇಬ್ಬರೂ ಬೆರಳಲ್ಲೇ ಬಳಿದೆವು. ನಾನು ಮುಟ್ಟಿ ನೋಡಿದೆ, ಬೆರಳಿಗೆ ಹತ್ತಲಿಲ್ಲ. ಒತ್ತಿಬಿಟ್ಟೆ. ದೊಡ್ಡಮ್ಮ ಮುಟ್ಟಿ ನೋಡಿದಳು. ಎಳೆ ಎಳೆಯಾಗಿ ಬೆರಳಿಗೆ ಬಂತು.

"ಥೂ, ಇದು ಇಷ್ಟು ಹೊತ್ತು ಹಿಂಗೇ ಇರ್ತೈತೇನೋ!" ಎಂದು ಮೊದಲ ಸಲ ಕಂಡವಳಂತೆ ಬೆರಳು ನೋಡಿಕೊಂಡಳು. ಕಾದಳು. ಮಿಕ್ಕ ಹುರುಳಿಕಾಯಿಯ ನಾರನ್ನು ಅತ್ತಿಗೆ ತೆಗೆದು ಮುಗಿಸಿದರು. ಆಮೇಲೆ ದೊಡ್ಡಮ್ಮ ಎರಡನ್ನೂ ಜೋಡಿಸಿ ಒತ್ತಿದಳು.

ಅತ್ತಿಗೆ ತೀರ್ಪುಗಾರ್ತಿಯಾಗಿ ಮೊದಲು ನನ್ನದನ್ನು ಎತ್ತಿದರು. ಬೆಣ್ಣೆಯ ಮೇಲಿನ ಎಲೆಯಂತೆ ಹಾಳೆ ಜಾರಿ ಅವರ ಮಡಿಲಿಗೆ ಬಿತ್ತು.

"ಅಯ್ಯೋ ಪಾಪ, ಮೈದ್ನನ ಕೈಗುಣ ಹೋಯ್ತಲ್ಲ ಅತ್ತೆ!"

ದೊಡ್ಡಮ್ಮ ತನ್ನದನ್ನು ತಾನೇ ಎಳೆದಳು. ಬರಲಿಲ್ಲ. ಮೊಣಕಾಲಿನ ಮಧ್ಯೆ ಇಟ್ಟುಕೊಂಡು ಎಳೆದಳು. ಪರ್ ಎಂದು ರಟ್ಟಿನ ಒಂದು ಪದರ ಕಿತ್ತುಕೊಂಡು ಬಂತು. ಅಂಟು ಮಾತ್ರ ಹಾಳೆಯನ್ನು ಬಿಟ್ಟಿರಲಿಲ್ಲ. ಅವಳು ಕಿತ್ತ ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ ಸೆರಗು ಸಿಕ್ಕಿಸಿದಳು.

"ಏಳೋ ಆ ಕಡೆ. ಸೇತುವೆ ನನ್ನ ಪಾಲಿಂದು."

ಮಧ್ಯಾಹ್ನವೆಲ್ಲ ಹಳೆಯ ಅಂಟು ತೆಗೆಯುವ ಕೆಲಸವೇ ಆಯಿತು. ಎಣ್ಣೆ ಕುಡಿದ ರಟ್ಟನ್ನು ಎಸೆದು ಹೊಸದಾಗಿ ಕತ್ತರಿಸಿದೆ. ಹಾಳೆಯ ಚಾವಣಿಯ ಮೇಲಿದ್ದ ಹಳೆಯ ಪದರವನ್ನು ಹೆಬ್ಬೆರಳಿನಲ್ಲಿ ಉಜ್ಜಿ ಸುರುಳಿ ಮಾಡಿ ಉದುರಿಸಿ, ಸೀಗೆಪುಡಿ ಹಾಕಿ ತೊಳೆದು ಬಿಸಿಲಿಗಿಟ್ಟೆವು. ಒಣಗಿದ ಮೇಲೆ ದೊಡ್ಡಮ್ಮ ಬಳಿದಳು, ಕಾದಳು, ಮುಟ್ಟಿ ನೋಡಿದಳು, ಒತ್ತಿದಳು. ಊದುಬತ್ತಿ ಕಡ್ಡಿ ಎಳೆಯುವುದನ್ನು ಮಾತ್ರ ನನಗೆ ಬಿಟ್ಟಳು. ಚಾವಣಿ ಕೂತಿತು. ಬೆಂಚು ಕೂತಿತು. ಸೇತುವೆ ಹಳಿಯ ಮೇಲೆ ಕಾಲೂರಿ ನಿಂತಿತು. ಕೊನೆಗೆ ಹಳದಿ ಬೋರ್ಡು. ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಉಬ್ಬಿದಳೆಂದು ಕಾಣುತ್ತದೆ, ಎದುರಿಗೆ ತರುವಾಗ ಕೈ ಒಂಚೂರು ವಾಲಿತು. ಟಪ್ಪನೆ ಹಿಡಿದುಬಿಟ್ಟಿತು, ಸೊಟ್ಟಗೆ.

"ಪರವಾಗಿಲ್ಲ, ಇಸ್ತ್ರಿಪೆಟ್ಟಿಗೆಯ ಬಿಸಿ ತೋರಿಸಿ ದಾರ ಎಳೆದ್ರೆ ಬಿಡುಸ್ಬೋದು" ಎಂದೆ.

"ಮುಟ್ಟಿದ್ರೆ ಕೈ ಮುರೀತೀನಿ. ಅಂಟಿದ್ದು ಅಂಟ್ಲಿ."

ಮಾರನೆಯ ಬೆಳಗ್ಗೆ ಪಟ್ಟದ ಗೊಂಬೆಗಳು ಮೆಟ್ಟಿಲೇರಿದವು. ಕೆಳಗೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಶೆಟ್ಟಿ, ಶೆಟ್ಟಮ್ಮನ ಗೊಂಬೆಗಳನ್ನು ಕೂರಿಸಿ, ಅವರ ಮುಂದೆ ಒಂದು ಚಿಟಿಕೆ ಕಡಲೆಕಾಯಿ ಸಿಪ್ಪೆ ಹರಡಿದಳು ದೊಡ್ಡಮ್ಮ. ದಿನವೂ ಸಂಜೆ ಆರತಿಯ ಹೊತ್ತಿಗೆ ಅತ್ತಿಗೆ ಫೋನಿನಲ್ಲಿ ಒಂದು ಪಟ ಕಳಿಸುತ್ತಿದ್ದರು. ಸೇತುವೆ ಇದ್ದಲ್ಲೇ ಇತ್ತು. ಹೋದ ವರ್ಷ "ಆಕ್ಸಿಡೆಂಟ್" ಎಂದು ಕೂಗಿದ್ದ ಮಗು ದಿನಾ ಬಂದು, ಕೂತು, ಕಾದು, ಮಕ್ಕಳಿಗೆ ಹಂಚುವ ಬೊಂಬೆ ಬಾಗಿನದ ಉಂಡೆ ತಿಂದು ನಿರಾಸೆಯಿಂದ ಹೋಗುತ್ತಿತ್ತಂತೆ.

ನಡುವೆ ಒಂದು ದಿನ ದೊಡ್ಡಮ್ಮ ತಾನಾಗಿಯೇ ಆಪಾ ಮನೆಗೆ ಹೋದಳು. ನಿಂಬೆಹಣ್ಣು ಹೆಚ್ಚಿದ್ದಾಯಿತು, ಖಾರ ಬಂತು, ಉಪ್ಪು ಬಂತು. ಉಪ್ಪಿಗೆ ಕೈ ಹಾಕುವ ಮುಂಚೆ ಒಮ್ಮೆ ತನ್ನ ಅಂಗೈ ಮೂಸಿ ನೋಡಿಕೊಂಡಳು ಎಂದು ಆಪಾ ಅತ್ತಿಗೆಗೆ ಹೇಳಿ, ಅತ್ತಿಗೆ ನನಗೆ ಹೇಳಿದರು.

ವಿಜಯದಶಮಿಯ ಮಾರನೆಯ ದಿನ ಗೊಂಬೆ ಇಳಿಸಲು ನಾನೂ ಹೋಗಿದ್ದೆ. ಪಟ್ಟದ ಗೊಂಬೆಗಳಿಗೆ ಬಟ್ಟೆ ಸುತ್ತಿ ಟ್ರಂಕಿನಲ್ಲಿ ಮಲಗಿಸಿದೆವು. ಊರನ್ನು ಯಾವಾಗಲೂ ಬಿಡಿಬಿಡಿ ಮಾಡಿ, ಅದೇ ಟ್ರಂಕಿನ ಮೂಲೆಗೆ ತುಂಬುವುದು ರೂಢಿ. ಮೈದಾ ಗಂಜಿಯ ಊರಾದರೆ ತಾನಾಗಿಯೇ ಬಿಡಿಯಾಗಿರುತ್ತಿತ್ತು. ಸ್ಟೇಷನ್ ಬಿಡಿಯಾಗಲಿಲ್ಲ. ನಾನು ಸೇತುವೆ ಅಲುಗಿಸಿದೆ, ಅಡಿಯ ಹಲಗೆಯೇ ಎದ್ದು ಬಂತು. ಟ್ರಂಕಿನ ಬಾಯಿಗಿಂತ ಅದು ಉದ್ದ.

"ಎಣ್ಣೆ ತರ್ಲಾ ಅತ್ತೆ?" ಎಂದರು ಅತ್ತಿಗೆ, ಮುಖದಲ್ಲಿ ನಗೆಯಿಲ್ಲದೆ.

"ತಂದೀಯ! ಆ ಬಟ್ಟಲು ಈ ಕಡೆ ಬರ್ಕೂಡ್ದು" ಎಂದು ದೊಡ್ಡಮ್ಮ ಸ್ಟೇಷನ್ನಿಗೆ ಅಡ್ಡ ನಿಂತಳು. "ಇಟ್ಕಳಕೆ ಜಾಗ ನೋಡ್ರೀ, ಬಿಡ್ಸೋಕೆ ದಾರಿ ನೋಡ್ಬ್ಯಾಡಿ."

ಜಾಗವಿದ್ದದ್ದು ಅಟ್ಟದ ಮೇಲೆ, ಪ್ಲಾಸ್ಟಿಕ್ ಊರಿನ ಡಬ್ಬಿಯಿದ್ದ ಕಡೆ. ಅತ್ತಿಗೆ ಸ್ಟೂಲು ಹತ್ತಿ ಡಬ್ಬಿಯನ್ನು ಇಳಿಸಿದರು. ಇಳಿಸಬೇಡ ಎಂದಿದ್ದ ದೊಡ್ಡಮ್ಮನೇ ಕೆಳಗೆ ನಿಂತು ಅದನ್ನು ಕೈಗೆ ತೆಗೆದುಕೊಂಡಳು. ಆಪಾ ಮನೆಯಲ್ಲಿ ಮೊಮ್ಮಕ್ಕಳು ಬಂದಿದ್ದವು. ಮಧ್ಯಾಹ್ನದ ಹೊತ್ತಿಗೆ ಆ ಊರು ಅವರ ಅಂಗಳದಲ್ಲಿ ಎದ್ದಿತ್ತು. ಅದರ ಜಾಗದಲ್ಲಿ ಅಜ್ಜಂಪುರದ ಸ್ಟೇಷನ್ ಹಳೆಯ ಸೀರೆಯೊಂದನ್ನು ಹೊದ್ದು ಕೂತಿತು. ಸೀರೆಯ ಸಂದಿಯಿಂದ ಸೊಟ್ಟ ಬೋರ್ಡಿನ ಒಂದು ಮೂಲೆ ಮಾತ್ರ ಕಾಣುತ್ತಿತ್ತು.

ಸಂಜೆ ಅತ್ತಿಗೆ ರುಬ್ಬಿದ ದೋಸೆ ಹಿಟ್ಟಿನ ಪಾತ್ರೆಯನ್ನು ದೊಡ್ಡಮ್ಮನ ಮುಂದೆ ತಂದಿಟ್ಟರು. ದೊಡ್ಡಮ್ಮ ಉಪ್ಪು ಹಾಕಿ, ಬಳೆ ಮೇಲೆ ಸರಿಸಿ, ಕೈ ಹಾಕಲು ಹೋದವಳು ನಿಂತಳು.

"ಲೇ, ಇದಕ್ಕೆ ಎಣ್ಣೆ ಕೈ ಆಗ್ತೈತಾ?"

"ಅದು ನಿನ್ನ ಇಲಾಖೆ ದೊಡ್ಡಮ್ಮ, ನನ್ನ ಕೇಳ್ಬ್ಯಾಡ" ಎಂದೆ.

ಮೊಳಕೈವರೆಗೆ ಕೈಯಿಳಿಸಿ ಕಲೆಸಿದಳು. ನಾನು ಕೊನೆಯ ಬಸ್ಸು ಬಿಟ್ಟು ಅಲ್ಲೇ ಉಳಿದೆ. ಬೆಳಗ್ಗೆ ಎದ್ದು ಅಡುಗೆಮನೆಗೆ ಹೋದರೆ ಹಿಟ್ಟು ಮುಚ್ಚಳವನ್ನು ಎತ್ತಿ ಪಕ್ಕಕ್ಕೆ ತಳ್ಳಿ, ಕಟ್ಟೆಯ ಮೇಲೆ ಹರಿದಿತ್ತು. ಅತ್ತಿಗೆ ಬಟ್ಟೆ ಹಿಡಿದು ಗೊಣಗುತ್ತ ಒರೆಸುತ್ತಿದ್ದರು. ದೊಡ್ಡಮ್ಮ ಕಾವಲಿಗೆ ಎಣ್ಣೆ ಸವರುತ್ತ, ಎಷ್ಟು ದೋಸೆ ಹಾಕಲೋ ಎಂದು ಕೇಳಿದಳು.